ಟಿವಿಯವರಿಗೆ ಹೂಂ ಅನ್ನಬೇಡ

ಪುಟ್ಟಿ,

ನಿನ್ನ ಮೆಸೇಜ್ ಓದಿದೆ. ಟಿವಿಯವರು ಮೂರು ಸಲ ಫೋನ್ ಮಾಡಿದ್ದಾರೆ, ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ನ್ಯಾಯ ಹೇಳುತ್ತಾರಂತೆ, ಹೋಗಲಾ ಅಂತ ಕೇಳಿದ್ದೀಯ. ಬೇಡ.

ಸಂಸಾರ ಗುಟ್ಟು ವ್ಯಾಧಿ ರಟ್ಟು ಅಂತ ಬಾಯಿ ಮುಚ್ಚಿಸೋಕೆ ಬಂದಿಲ್ಲ ನಾನು. ನೋವು ಹೇಳಿಕೊಳ್ಳಲೇಬೇಕು. ಯಾರ ಮುಂದೆ ಅನ್ನೋದೇ ಪ್ರಶ್ನೆ.

ಫೋನ್ ಮಾಡಿದ ಹುಡುಗಿ ತುಂಬಾ ಒಳ್ಳೆಯವಳು ಅಂದೆ. ಇರಬಹುದು. ಆದರೆ ಅವಳಿಗೆ ಸಂಬಳ ಬರೋದು ನಿನ್ನ ಸಂಸಾರ ಸರಿ ಮಾಡೋದಕ್ಕಲ್ಲ, ಜನ ಚಾನೆಲ್ ಬದಲಿಸದ ಹಾಗೆ ನೋಡಿಕೊಳ್ಳೋದಕ್ಕೆ. ನೀವಿಬ್ಬರೂ ತಣ್ಣಗೆ ಮಾತಾಡಿ ರಾಜಿಯಾದರೆ ನೋಡೋಕೆ ಏನಿದೆ ಹೇಳು? ಗಂಟೆಗಟ್ಟಲೆ ಶೂಟ್ ಮಾಡಿದ್ದರಲ್ಲಿ ನೀನು ಅತ್ತಿದ್ದು, ಅವನು ಕೂಗಿದ್ದು ಉಳಿಯುತ್ತೆ, ಮಧ್ಯದಲ್ಲಿ ಅವನು ಮೆಲ್ಲಗೆ ಹೇಳಿದ "ತಪ್ಪಾಯ್ತು" ಎಡಿಟಿಂಗ್‌ನಲ್ಲಿ ಹಾರಿಹೋಗುತ್ತೆ. (ನಾನೂ ಇಂಥ ಶೋಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವಳೇ, ಅದಕ್ಕೇ ಗೊತ್ತು.)

ಬ್ರಿಟನ್ನಿನಲ್ಲಿ 2005ರಿಂದ ಜೆರೆಮಿ ಕೈಲ್ ಶೋ ಅಂತ ಒಂದು ಬರುತ್ತಿತ್ತು. ಜಗಳವಾಡಿದವರನ್ನು ಕರೆಸಿ, ಸುಳ್ಳು ಪತ್ತೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಜನರ ಮುಂದೆ ಓದುತ್ತಿದ್ದರು. ಆ ಯಂತ್ರ ಅಳೆಯೋದು ಉಸಿರು, ನಾಡಿ, ಬೆವರು. ಭಯವಾದರೂ ಬೆವರುತ್ತೇವೆ, ಅಲ್ವಾ? 2019ರಲ್ಲಿ ಆ ಪರೀಕ್ಷೆಯಲ್ಲಿ ಫೇಲ್ ಅಂತ ಅನ್ನಿಸಿಕೊಂಡ ಒಬ್ಬರು ಸ್ವಲ್ಪ ದಿನದಲ್ಲೇ ತೀರಿಕೊಂಡರು. ಶೋನಿಂದಲೇ ಹಾಗಾಯ್ತು ಅಂತ ನಾನು ಹೇಳಲ್ಲ. ಚಾನೆಲ್‌ನವರು ಮಾತ್ರ ಹದಿನಾಲ್ಕು ವರ್ಷ ನಡೆದ ಕಾರ್ಯಕ್ರಮವನ್ನೇ ನಿಲ್ಲಿಸಿಬಿಟ್ಟರು.

ನನಗೆ ಜಾಸ್ತಿ ಚಿಂತೆ ನಿನ್ನ ಮಗನದು. ಈಗ ಆರು ವರ್ಷ, ಏನೂ ತಿಳಿಯಲ್ಲ ಅಂತೀಯ. ಅವನಿಗೆ ಹದಿನಾಲ್ಕಾದಾಗಲೂ ಆ ವಿಡಿಯೋ ಯೂಟ್ಯೂಬ್‌ನಲ್ಲಿ ಇದ್ದೇ ಇರುತ್ತೆ, ಕ್ಲಾಸಿನ ಯಾವನೋ ಒಬ್ಬ ಹುಡುಕಿ ತೆಗೆದು ಅವನ ಮುಂದೆ ಹಿಡಿಯುತ್ತಾನೆ, ಕೆಳಗೆ ಗುರುತು ಪರಿಚಯ ಇಲ್ಲದವರು ನಿನ್ನ ಬಗ್ಗೆ ಬರೆದಿದ್ದೆಲ್ಲ ಓದುತ್ತಾನೆ. ಆಗ ತೆಗೆಸೋಣ ಅಂದರೆ, ನೀನೇ ಸಹಿ ಹಾಕಿದ ಕಾಗದ ತೋರಿಸುತ್ತಾರೆ. ನೀವು ಒಂದಾದರೂ ಅದು ಅಲ್ಲೇ ಇರುತ್ತೆ.

ಒಳ್ಳೆ ಕೌನ್ಸೆಲರ್ ಹತ್ತಿರ ಹೋಗಿ. ಅಲ್ಲಿ ನೀನು ಅತ್ತರೂ ಯಾರೂ ಜೂಮ್ ಮಾಡಲ್ಲ. ಬೇಕಿದ್ದರೆ ನಾನೂ ಬಂದು ಹೊರಗೆ ಕೂತಿರುತ್ತೇನೆ.

ಅವರು ನಾಳೆ ಮತ್ತೆ ಫೋನ್ ಮಾಡಿದರೆ ಬರಲ್ಲ ಅಂತ ಹೇಳಿ ಇಟ್ಟುಬಿಡು. ಕಾರಣ ಹೇಳೋಕೆ ಹೋಗಬೇಡ, ಅದನ್ನೇ ಹಿಡಿದುಕೊಂಡು ಸುಮ್ನೆ ಅರ್ಧ ಗಂಟೆ ಮಾತಾಡಿಸುತ್ತಾರೆ.

ನಿನ್ನ ದೊಡ್ಡಮ್ಮ