ಹಿಂದಿನ ಕೋಣೆಯ ಗೋಡೆ: ಇಟ್ಟಿಗೆಯೋ ಬ್ಲಾಕೋ?

ಪುಣೆ ಬಳಗದ ಎಲ್ಲರಿಗೂ ನಮಸ್ಕಾರ. ನಿನ್ನೆ ಮೀಟಿಂಗಿನಲ್ಲಿ "ಸಿಮೆಂಟ್ ಬ್ಲಾಕ್ ಅಂದ್ರೆ ಪರಿಸರಕ್ಕೆ ಕೆಟ್ಟದ್ದು, ಕೆಂಪು ಇಟ್ಟಿಗೆಯೇ ವಾಸಿ" ಅಂತ ವಾದ ಆಯ್ತಲ್ಲ, ಅದಕ್ಕೇ ಇದು. ಸಿಮೆಂಟ್ ಮಾಡಲು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು, ನಿಜ. ಆದರೆ ಬ್ಲಾಕಿನಲ್ಲಿ ಸಿಮೆಂಟ್ ಇರುವುದು ನೂರಕ್ಕೆ ಏಳೋ ಹತ್ತೋ ಪಾಲು ಅಷ್ಟೇ, ಉಳಿದದ್ದು ಜಲ್ಲಿ, ಕಲ್ಲುಪುಡಿ, ಜೊತೆಗೆ ಒಳಗೆಲ್ಲ ಟೊಳ್ಳು. ಇಟ್ಟಿಗೆಯಲ್ಲಿ ಇಡೀ ಮಣ್ಣನ್ನೇ ಸುಡಬೇಕು ಅಲ್ವಾ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2003ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಒಂದು ಘನ ಮೀಟರ್ ಇಟ್ಟಿಗೆ ಗೋಡೆಗೆ 2,141 ಮೆಗಾಜೂಲ್ ಶಕ್ತಿ ಬೇಕು, ಟೊಳ್ಳು ಬ್ಲಾಕಿನ ಗೋಡೆಗೆ 819ರಿಂದ 971. ಅರ್ಧಕ್ಕೂ ಕಡಿಮೆ! ಅದೇ ಲೆಕ್ಕದಲ್ಲಿ ಸ್ಟೀಲ್ ಕಿಲೋಗೆ 42 ಮೆಗಾಜೂಲ್, ಅಲ್ಯೂಮಿನಿಯಂ ಸುಮಾರು 237. ಹಾಗಾಗಿ ಅಲ್ಯೂಮಿನಿಯಂ ಕಿಟಕಿ ಬೇಡ ಅಂತ ನನ್ನ ಮತ. ಇಲ್ಲಿನ ಹಳೇ ವಾಡಾಗಳ, ಅಂದ್ರೆ ಹಳೇ ಕಾಲದ ದೊಡ್ಡ ಮನೆಗಳ, ಕರಿಕಲ್ಲನ್ನು ಸುಡುವ ಮಾತೇ ಇಲ್ಲ, ಆದರೆ ಕಡಿಯುವ ಕೂಲಿ ಕೊಡೋರು ಯಾರು?

ಎರಡು ಸ್ಯಾಂಪಲ್ ಬ್ಲಾಕ್ ಮೆಟ್ಟಿಲ ಕೆಳಗಿಟ್ಟಿದ್ದೇನೆ. ಸ್ಕೂಟರಿನಲ್ಲಿ ತರುವಾಗ ಒಂದರ ಮೂಲೆ ಉದುರಿದೆ, ಒಳಗಿನ ಜಲ್ಲಿ ಚೆನ್ನಾಗಿ ಕಾಣುತ್ತೆ. ಭಾನುವಾರ 10 ಗಂಟೆಗೆ ಬಂದು ನೋಡಿ, ಆಮೇಲೆ ಕೈ ಎತ್ತಿ.