ಪಿ ನಂಬರ್ ಇಲ್ಲದೆ ಸತ್ತೋರ ಲೆಕ್ಕ ಕೊಡಿ ಸಾರ್: ಉಸ್ತುವಾರಿ ಸಚಿವರಿಗೆ ಕೆಜಿಎಫ್‌ನಿಂದ ಒಂದು ಬಹಿರಂಗ ಪತ್ರ

ಕೋಲಾರ ಜಿಲ್ಲಾ ಉಸ್ತುವಾರಿ ಸಚಿವರಿಗೆ, ನಮಸ್ಕಾರ ಸಾರ್.

ನಾನು ಕೆಜಿಎಫ್ ಮೈನಿಂಗ್ ಲೈನಿನ, ಅಂದ್ರೆ ಗಣಿ ಕಾರ್ಮಿಕರ ಸಾಲುಮನೆಗಳ ಹುಡುಗ. ಮನೇಲಿ ಮಾತಾಡೋದು ತಮಿಳು, ಓದಿದ್ದು ಕನ್ನಡ ಮೀಡಿಯಂ, ಬರವಣಿಗೆ ಅಲ್ಲಲ್ಲಿ ಎಡವಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾಲ್ಕು ವರ್ಷ ಅರ್ಜಿ ಕೊಟ್ಟೂ ಕೊಟ್ಟೂ ಸಾಕಾಗಿ ಈಗ ಎಲ್ರ ಮುಂದೆ ಬರೀತಿದೀನಿ. ಕೇಳ್ತಿರೋದು ಒಂದೇ. ಕೋವಿಡ್‌ನಲ್ಲಿ ನಮ್ಮ ಜಿಲ್ಲೇಲಿ ಸತ್ತೋರ ಲೆಕ್ಕ ಕೊಡಿ, ಜಾತಿವಾರು, ಕೆಲಸವಾರು, ಏರಿಯಾವಾರು. ಪಿ ನಂಬರ್ ಅಂದ್ರೆ ಟೆಸ್ಟ್ ಪಾಸಿಟಿವ್ ಬಂದೋರಿಗೆ ಸರ್ಕಾರ ಕೊಡ್ತಿದ್ದ ರೋಗಿ ನಂಬರ್, ಅದಿಲ್ದೆ ಸತ್ತೋರನ್ನೂ ಸೇರ್ಸಿ.

ಈಗ್ಯಾಕಪ್ಪ ಇವ್ನಿಗೆ ನೆನಪಾಯ್ತು ಅಂತೀರೇನೋ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರದ ಜಾತಿ ಸಮೀಕ್ಷೆ ಶುರುವಾಯ್ತಲ್ಲ, ನಮ್ಮನೆ ಬಾಗಿಲಿಗೂ ಸ್ಟಿಕ್ಕರ್ ಅಂಟಿಸಿದ್ರು, ಆಮೇಲೆ ಒಬ್ರು ಟೀಚರ್ ಬಂದು ಮೊಬೈಲ್ ಹಿಡ್ಕೊಂಡು 60 ಪ್ರಶ್ನೆ ಕೇಳಿದ್ರು, ಜಾತಿ ಯಾವ್ದು, ಉಪಜಾತಿ ಯಾವ್ದು, ಅಮ್ಮ ಎಲ್ಲಾದಕ್ಕೂ ಉತ್ತರ ಕೊಟ್ಟು ಕೊನೇಲಿ "ನಮ್ಮೆಜಮಾನ್ರು ಕೊರೋನಾದಲ್ಲಿ ಹೋದ್ರು, ಅದನ್ನೂ ಹಾಕ್ಕೊಳಮ್ಮ" ಅಂದ್ರು. ಟೀಚರ್ ಪಾಪ ಸ್ಕ್ರೀನನ್ನ ಮೇಲೆ ಕೆಳಗೆ ಉಜ್ಜಿ, ಎಲ್ಲಿ ಹಾಕ್ಬೇಕು ಅಂತ ತಿಳೀದೆ ಸುಮ್ನೆ ತಲೆ ಆಡಿಸಿದ್ರು. ಅಮ್ಮ ಬರ್ಕೊಂಡ್ರು ಅಂತಾನೇ ನಂಬಿದಾರೆ.

ಅಪ್ಪನ ವಿಷಯ ಹೇಳ್ಬಿಡ್ತೀನಿ. ಅಂಡರ್‌ಗ್ರೌಂಡಲ್ಲಿ ದುಡಿದೋರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚೋವರೆಗೂ. ಚಿನ್ನ ಕಂಪ್ನಿಗೆ ಹೋಯ್ತು, ಧೂಳು ಎದೇಲಿ ಉಳೀತು. 2021ರ ಮೇ ತಿಂಗಳು, ಮೂರು ದಿನದಿಂದ ಜ್ವರ, ಮಾತಾಡಿದ್ರೆ ಏದುಸಿರು, ಆಟೋದಲ್ಲಿ ಹಾಕ್ಕೊಂಡು ಒಂದು ಆಸ್ಪತ್ರೆಗೆ ಹೋದ್ವಿ (ಹೆಸ್ರು ಬೇಡ ಬಿಡಿ). ಬಾಗಿಲಲ್ಲೇ ಬೆರಳಿಗೆ ಆಕ್ಸಿಮೀಟರ್ ಸಿಕ್ಸಿದ್ರು. 94 ಬಂತು. "94 ಇದ್ರೆ ಮೈಲ್ಡು, ಮನೇಲೇ ಇರ್ಲಿ, ಬೆಡ್ ಇಲ್ಲ" ಅಂದ್ರು. ನಂಬರ್ ಲೆಕ್ಕದಲ್ಲಿ ಸರೀನೇ, 94ಕ್ಕಿಂತ ಕೆಳಗಿದ್ರೆ ತಾನೇ ಅಡ್ಮಿಷನ್ನು, ಆದ್ರೆ ಏದುಸಿರು ಇದ್ರೆ ಮೈಲ್ಡ್ ಅಲ್ಲ ಅಂತಾನೂ ರೂಲ್ಸಲ್ಲೇ ಇತ್ತು. ಸಾರ್ ಉಗುರು ನೋಡಿ ನೀಲಿ ಆಗಿದೆ ಅಂದೆ. ಅದಕ್ಕೆ ಆ ಮನುಷ್ಯ, "ಈ ಕಪ್ಪು ಬೆರಳಲ್ಲಿ ನಿಂಗೆ ನೀಲಿ ಹೆಂಗಯ್ಯ ಕಾಣ್ತು" ಅಂದ. ಪಕ್ಕದಲ್ಲಿದ್ದೋನು ನಕ್ಕ. ಅಪ್ಪನೂ ನಕ್ರು ಸಾರ್, ಅದು ನಂಗೆ ಇವತ್ತಿಗೂ ತಡ್ಕೊಳ್ಳೋಕಾಗಲ್ಲ, ದೊಡ್ಡೋರು ಜೋಕ್ ಮಾಡಿದ್ರೆ ನಗ್ಬೇಕು ಅಂತ ಅಭ್ಯಾಸ ಅವ್ರಿಗೆ. ಹಳೇ ಎಕ್ಸ್‌ರೇ ತೋರ್ಸಿದ್ರೆ "ಮೈನ್ಸ್ ಎದೆ ಹಂಗೇ ಇರುತ್ತೆ" ಅಂತ ವಾಪಸ್ ಕೊಟ್ರು. ಸ್ವ್ಯಾಬ್ ಮಾತ್ರ ತಗೊಂಡು ಎಸ್‌ಆರ್‌ಎಫ್ ನಂಬರ್ (ಟೆಸ್ಟಿಗೆ ಸ್ಯಾಂಪಲ್ ಕಳಿಸಿದ್ದಕ್ಕೆ ಕೊಡೋ ನಂಬರ್) ಬರೆದ ಚೀಟಿ ಕೈಗಿಟ್ರು.

ಪ್ರತ್ಯೇಕ ರೂಮು, ಪ್ರತ್ಯೇಕ ಟಾಯ್ಲೆಟ್ಟಲ್ಲಿ ಇರ್ಬೇಕು ಅಂತಾನೂ ಹೇಳಿ ಕಳಿಸಿದ್ರು. ಲೈನ್ ಮನೆ ನೋಡಿದೀರಾ ಸಾರ್? ನಮ್ಮದು ಒಂದೇ ರೂಮು, ಅದ್ರಲ್ಲೇ ಒಲೆ, ಅದ್ರಲ್ಲೇ ಐದು ಜನ. ನಲ್ಲಿ ಇಡೀ ಸಾಲಿಗೆ ಒಂದು. ಅಮ್ಮ ಬೆಂಗ್ಳೂರಿನ ಅಪಾರ್ಟ್‌ಮೆಂಟಲ್ಲಿ ಹೌಸ್‌ಕೀಪಿಂಗು, ಲಾಕ್‌ಡೌನ್ ಆಗೋ ಹಿಂದಿನ ವಾರದವರೆಗೂ ಮಾರಿಕುಪ್ಪಂ ರೈಲಲ್ಲಿ ನಿಂತ್ಕೊಂಡು ಹೋಗಿ ಬರ್ತಿದ್ರು, ವರ್ಕ್ ಫ್ರಮ್ ಹೋಮ್ ಮಾಡೋರ ಮನೆ ಕಸ ಯಾರಾದ್ರೂ ಎತ್ತಬೇಕಲ್ಲ. ವೈರಸ್ಸಿಗೆ ಜಾತಿ ಇಲ್ಲ ಅಂತ ಭಾಷಣ ಮಾಡ್ತಿದ್ರು ಆಗ. ಜಾತಿ ಇಲ್ದೆ ಇರ್ಬೋದು, ವಿಳಾಸ ಚೆನ್ನಾಗಿ ಗೊತ್ತಿತ್ತು ಅದಕ್ಕೆ.

ಮಾರನೇ ದಿನ ರಾತ್ರಿ ಅಪ್ಪ ಹೋದ್ರು. ರಿಪೋರ್ಟ್ ಇವತ್ತಿನವರೆಗೂ ಬಂದಿಲ್ಲ. ರಿಪೋರ್ಟ್ ಇಲ್ಲ ಅಂದ್ರೆ ಪಿ ನಂಬರ್ ಇಲ್ಲ, ಪಿ ನಂಬರ್ ಇಲ್ಲ ಅಂದ್ರೆ ಕೋವಿಡ್ ಅಲ್ಲ. ಕೇಂದ್ರದ 50 ಸಾವಿರ ಇಲ್ಲ, ಬಿಪಿಎಲ್ ಮನೆಗೆ ಅಂತ ರಾಜ್ಯ ಹೇಳಿದ 1 ಲಕ್ಷನೂ ಇಲ್ಲ. ಸರ್ಟಿಫಿಕೇಟಲ್ಲಿ ಕೋವಿಡ್ ಅಂತ ಬರೆದಿಲ್ಲ ಅನ್ನೋ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸಬಾರದು ಅಂತ 2021ರ ಅಕ್ಟೋಬರ್‌ನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಇದು ನಿಮಗೆ ನಾನು ಹೇಳ್ಕೊಡ್ಬೇಕಾ? ಕೌಂಟರಲ್ಲಿ ಕೂತಿದ್ದ ಸಾಹೇಬ್ರಿಗೆ ಹೇಳ್ದೆ. "ಹಂಗಾದ್ರೆ ಕೋರ್ಟಿಗೇ ಹೋಗು" ಅಂದ್ರು.

ಆಮೇಲೆ ನಾನು ಫೋನಲ್ಲಿ ಹುಡುಕಿ ಓದೋಕೆ ಶುರು ಮಾಡ್ದೆ. ಅಪ್ಪ ಸಾಯೋಕೆ ಐದು ತಿಂಗಳ ಮುಂಚೆ, 2020ರ ಡಿಸೆಂಬರ್‌ನಲ್ಲಿ, ಅಮೆರಿಕದ ಮಿಷಿಗನ್ ಡಾಕ್ಟರುಗಳು ಬರೆದಿದಾರೆ, ಆಕ್ಸಿಮೀಟರ್ ಕಪ್ಪು ಚರ್ಮದೋರಿಗೆ ಸುಳ್ಳು ಹೇಳುತ್ತೆ ಅಂತ. ಮೆಷಿನ್ನಲ್ಲಿ ನಂಬರ್ ಚೆನ್ನಾಗಿದ್ದು ರಕ್ತದಲ್ಲಿ ಆಕ್ಸಿಜನ್ ಕಮ್ಮಿ ಇರೋದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಹತ್ತತ್ರ ಮೂರು ಪಟ್ಟು ಜಾಸ್ತಿಯಂತೆ. ಇದನ್ನ ಓದಿದ ರಾತ್ರಿ ನಾನು ಮಲಗಲಿಲ್ಲ. ಅಲ್ಲಿನೋರು ಸಾಚಾಗಳು ಅಂತಲ್ಲ. ಚಿಕಾಗೋದಲ್ಲಿ 2020ರ ಏಪ್ರಿಲ್ ಹೊತ್ತಿಗೆ ಸತ್ತೋರಲ್ಲಿ ನೂರಕ್ಕೆ ಸುಮಾರು 70 ಕಪ್ಪು ಜನ, ಊರಲ್ಲಿ ಅವ್ರು ಇರೋದೇ ನೂರಕ್ಕೆ 30. ಇಂಗ್ಲೆಂಡಲ್ಲಿ ಬಾಂಗ್ಲಾದೇಶ ಮೂಲದೋರಿಗೆ ಬಿಳಿಯರ ಎರಡರಷ್ಟು ಸಾವಿನ ಅಪಾಯ ಅಂತ ಅಲ್ಲಿನ ಸರ್ಕಾರದ ಸಂಸ್ಥೆನೇ 2020ರ ಜೂನ್‌ನಲ್ಲಿ ರಿಪೋರ್ಟ್ ಕೊಡ್ತು. ಸಾಯಿಸಿದಾರೆ ಸಾರ್, ಆದ್ರೆ ಎಣಿಸಿದಾರೆ.

ನಮ್ಮಲ್ಲಿ? ದಿನಾ ಸಂಜೆ ಬುಲೆಟಿನ್ ಬರ್ತಿತ್ತು, ಸತ್ತೋರಿಗೆ ಒಬ್ಬೊಬ್ರಿಗೆ ಒಂದೊಂದು ಸಾಲು, ಜಿಲ್ಲೆ, ಪಿ ನಂಬರ್, ವಯಸ್ಸು, ಗಂಡೋ ಹೆಣ್ಣೋ, ಶುಗರ್ ಇತ್ತಾ ಬಿಪಿ ಇತ್ತಾ. ಜಾತಿ ಇಲ್ಲ, ಕೆಲಸ ಇಲ್ಲ. ಕಾಸ್ಟ್ ಸರ್ಟಿಫಿಕೇಟ್ ಇಲ್ದೆ ಸ್ಕಾಲರ್‌ಶಿಪ್ ಅರ್ಜೀನೂ ಮುಟ್ಟದ ಸರ್ಕಾರ, ಸಾವಿನ ಲೆಕ್ಕದಲ್ಲಿ ಮಾತ್ರ ಜಾತಿ ಮೀರಿದ ವಿಶ್ವಮಾನವ! 2024ರಲ್ಲಿ ಸೈನ್ಸ್ ಅಡ್ವಾನ್ಸಸ್ ಅನ್ನೋ ಪತ್ರಿಕೇಲಿ ಒಂದು ಅಧ್ಯಯನ ಬಂತು, 2020ರಲ್ಲಿ ಭಾರತದಲ್ಲಿ ಆಯಸ್ಸು ಎಷ್ಟು ಕುಸಿದಿದೆ ಅಂತ. ಮೇಲ್ಜಾತಿ ಹಿಂದೂಗಳಿಗೆ 1.3 ವರ್ಷ, ಎಸ್‌ಸಿಗಳಿಗೆ 2.7, ಎಸ್‌ಟಿಗಳಿಗೆ 4.1, ಮುಸ್ಲಿಮರಿಗೆ 5.4. ಇದು ತಪ್ಪು ಲೆಕ್ಕ ಅಂತ ಕೇಂದ್ರ ಆರೋಗ್ಯ ಇಲಾಖೆ ಹೇಳ್ತು. ಆಯ್ತು, ತಪ್ಪೇ ಇರ್ಲಿ. ಸರಿ ಲೆಕ್ಕ ನೀವು ಕೊಡಿ.

ಅದನ್ನೇ ಕೇಳ್ತಿರೋದು. ಎಸ್‌ಆರ್‌ಎಫ್ ಆಗಿ ರಿಪೋರ್ಟ್ ಬಾರದೆ ಸತ್ತೋರು ಎಷ್ಟು ಜನ, ಅವ್ರಲ್ಲಿ ಲೈನ್ ಮನೆಯೋರು ಎಷ್ಟು, ಪೌರಕಾರ್ಮಿಕರು ಎಷ್ಟು, ಹಳ್ಳಿಗಳ ಕಾಲೋನಿಯೋರು ಎಷ್ಟು. ಆಶಾ ಅಕ್ಕಂದಿರನ್ನ ಕೇಳಿದ್ರೆ ಮನೆಮನೆ ಹೆಸ್ರು ಹೇಳ್ತಾರೆ, ನಮ್ಮ ಸಾಲಲ್ಲೇ ನಾಲ್ಕು ಜನ, ನಾಲ್ಕಕ್ಕೂ ಪಿ ನಂಬರ್ ಇಲ್ಲ. ಲೆಕ್ಕ ಕೊಡಿ ಸಾರ್. ದುಡ್ಡಿಗೋಸ್ಕರ ಬರೀತಾನೆ ಅನ್ಕೊಂಡ್ರೆ ಅನ್ಕೊಳ್ಳಿ, ದುಡ್ಡೂ ಬೇಕು, ಆಟೋದೋನಿಗೆ ಕೊಡ್ಬೇಕಾಗಿದ್ದು ಬಡ್ಡಿಗೆ ತಂದು ಕೊಟ್ಟಿದೀನಿ. ಆದ್ರೆ ಮೊದ್ಲು ಲೆಕ್ಕ.

ಎಸ್‌ಆರ್‌ಎಫ್ ಚೀಟಿ ಅಮ್ಮ ರೇಷನ್ ಕಾರ್ಡಿನ ಕವರಲ್ಲಿ ಇಟ್ಟಿದಾರೆ, ಇಂಕು ಮಾಸ್ತಿದೆ, ಫೋಟೋ ತೆಗೆದಿಟ್ಕೊಂಡಿದೀನಿ. ಉತ್ತರ ಏನಿದ್ರೂ ಪೋಸ್ಟಲ್ಲಿ ಕಳ್ಸಿ. ಆಫೀಸಿಗೆ ಬಂದು ಹೋಗು ಅಂತ ಮಾತ್ರ ಹೇಳ್ಬೇಡಿ, ಒಂದು ದಿನ ಕೆಲಸಕ್ಕೆ ಹೋಗದಿದ್ರೆ ಅಮ್ಮಂಗೂ ನಂಗೂ ಸಂಬಳ ಕಟ್.

ಇಂತಿ,
ಲೈನ್ ಮನೆಯ ಒಬ್ಬ ಮಗ
ಕೆಜಿಎಫ್, ಕೋಲಾರ ಜಿಲ್ಲೆ