ಶಾಲೆ ಅಂಗಳದ ಜೀವಿಗಳನ್ನೂ ಬರೆದಿಡೋಣ

ಮಾನ್ಯರೇ,

ಕೊಕ್ಕರೆ ಬೆಳ್ಳೂರಿನಲ್ಲಿ ಊರಿನವರೇ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳನ್ನು ಕಾಯುತ್ತಾ ಬಂದಿದ್ದಾರೆ. ಅದೇ ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ ಹೊಂಗೆ, ಬೇವಿನ ಮರದ ಮೇಲೆ ಏನೇನಿದೆ ಅಂತ ಬರೆದಿಡುವವರು ತೀರಾ ಕಡಿಮೆ. ಮಕ್ಕಳು ಇದನ್ನು ಚೆನ್ನಾಗಿ ಮಾಡಬಲ್ಲರು. ಅವರ ಕಣ್ಣು ನಮಗಿಂತ ಚುರುಕು, ಅಲ್ವಾ?

ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನದ ಹಕ್ಕಿ ಎಣಿಕೆ ಇರುತ್ತದೆ. 15 ನಿಮಿಷ ನೋಡಿ, ಕಂಡ ಪಿಕಳಾರ, ಸೂರಕ್ಕಿ, ಕೆಂಬೂತಗಳ ಪಟ್ಟಿಯನ್ನು ಹಕ್ಕಿ ದಾಖಲೆಯ ಜಾಲತಾಣ ಇ-ಬರ್ಡ್‌ಗೆ ಹಾಕಿದರಾಯಿತು. ಓತಿಕ್ಯಾತ, ಚಿಟ್ಟೆ, ಜೇಡಗಳ ಫೋಟೊಗೆ ಐ-ನ್ಯಾಚುರಲಿಸ್ಟ್ ಎಂಬ ಜಾಲತಾಣ ಇದೆ. ಹೆಸರು ಗೊತ್ತಿಲ್ಲದಿದ್ದರೆ ಬಲ್ಲವರು ಅಲ್ಲೇ ತಿಳಿಸುತ್ತಾರೆ. ಚಿಕ್ಕ ಮಕ್ಕಳ ಪರವಾಗಿ ಶಿಕ್ಷಕರೇ ಫೋಟೊ ಹಾಕಲಿ. ಮಕ್ಕಳ ಮುಖ ಅದರಲ್ಲಿ ಬೇಡ.

ಶಿಕ್ಷಣ ಇಲಾಖೆ ಇದಕ್ಕೆ ವಾರಕ್ಕೊಂದು ಪೀರಿಯಡ್ ಕೊಡಲಿ. ಆವರಣದ ಮರದ ಕೊಂಬೆ ಕಡಿಸುವ ಮುಂಚೆ ಮುಖ್ಯ ಶಿಕ್ಷಕರು ಆ ದಾಖಲೆ ತೆಗೆದು ನೋಡಲಿ.

– ಒಬ್ಬ ಓದುಗ, ಮಂಡ್ಯ